ಹುಳು ನೋಡಿ ಸಾವಿನ ಹೊತ್ತು ಹೇಳುವುದು: ಸ್ಥಳದಿಂದ ಕೋರ್ಟಿನವರೆಗೆ

ಮಂಡ್ಯದ ಯಾವುದೋ ಕಬ್ಬಿನ ಗದ್ದೆಯಲ್ಲಿ ಹೆಣ ಸಿಕ್ಕಿದೆ ಅಂದುಕೊಳ್ಳಿ. ಮೈ ಊದಿದೆ, ಹುಳು ಬಿದ್ದಿದೆ. ಸತ್ತಿದ್ದು ಯಾವಾಗ? ಮೈ ತಣ್ಣಗಾಗುವುದು, ಸೆಟೆದುಕೊಳ್ಳುವುದು, ರಕ್ತ ಕೆಳಗಿಳಿದು ಕಲೆ ಕಟ್ಟುವುದು ಇವನ್ನು ನೋಡಿ ವೈದ್ಯರು ಹೊತ್ತು ಅಂದಾಜು ಮಾಡುತ್ತಾರೆ. ಆದರೆ ಎರಡು ಮೂರು ದಿನ ಕಳೆದರೆ ಈ ಗುರುತುಗಳಿಂದ ಹೆಚ್ಚೇನೂ ತಿಳಿಯುವುದಿಲ್ಲ. ಅಲ್ಲಿಂದ ಮುಂದೆ ಲೆಕ್ಕಕ್ಕೆ ಸಿಗುವುದು ಆ ಹುಳುಗಳೇ. ನಾವೋ, ಬಹಳ ಸಲ ಮೊದಲು ಅವನ್ನೇ ನೀರು ಹಾಕಿ ತೊಳೆದುಬಿಡುತ್ತೇವೆ.

ಹೊಸದಾಗಿ ಠಾಣೆಗೆ ಬಂದ ಸಬ್ ಇನ್‌ಸ್ಪೆಕ್ಟರ್, ಸೋಕೊ (ಅಪರಾಧ ಸ್ಥಳ ಪರಿಶೀಲಿಸುವ) ಸಿಬ್ಬಂದಿ, ಶವಾಗಾರದಲ್ಲಿ ಕೆಲಸ ಮಾಡುವವರು, ಫೊರೆನ್ಸಿಕ್ ಅಥವಾ ಪ್ರಾಣಿಶಾಸ್ತ್ರ ಓದುವ ಮಕ್ಕಳು, ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಪಂಚರಾಗಿ ಸಹಿ ಹಾಕಲು ಹೋಗುವ ಊರಿನವರೂ ಓದಬಹುದು. ಮೈಕ್ರೋಸ್ಕೋಪ್ ಕೆಲಸವನ್ನು ಇಲ್ಲಿ ಬೇಗ ಮುಗಿಸುತ್ತೇನೆ. ಥರ್ಮಾಮೀಟರ್ ಬಗ್ಗೆ ಮಾತ್ರ ಮತ್ತೆ ಮತ್ತೆ ಹೇಳುತ್ತೇನೆ. ಹುಳುವನ್ನು ಆಮೇಲೂ ಗುರುತಿಸಬಹುದು. ಆ ಹೊತ್ತಿನ ಬಿಸಿ ಎಷ್ಟಿತ್ತು ಅನ್ನುವುದನ್ನು ಆಮೇಲೆ ಅಳೆಯಲು ಆಗುವುದಿಲ್ಲ.

ಹುಳು ಹೇಗೆ ಬೆಳೆಯುತ್ತದೆ

ಹೆಣದ ಹತ್ತಿರ ಮೊದಲು ಬರುವುದು ಹೊಳೆಯುವ ನೀಲಿ, ಹಸಿರು ನೊಣಗಳು. ನಮ್ಮ ಕಡೆ ಕ್ರೈಸೊಮಿಯಾ ಮೆಗಸೆಫಲಾ, ಕ್ರೈಸೊಮಿಯಾ ರುಫಿಫೇಸೀಸ್, ಲುಸಿಲಿಯಾ ಅನ್ನುವ ಜಾತಿಗಳು ಸಾಮಾನ್ಯ. ಜೊತೆಗೆ ಎದೆಯ ಮೇಲೆ ಪಟ್ಟೆ ಇರುವ ಬೂದು ಬಣ್ಣದ ಮಾಂಸದ ನೊಣವೂ ಬರುತ್ತದೆ. ಅದು ಮೊಟ್ಟೆ ಇಡುವುದಿಲ್ಲ, ನೇರವಾಗಿ ಮರಿಹುಳುವನ್ನೇ ಹಾಕುತ್ತದೆ. ಹಗಲು ಹೊತ್ತು, ಬಯಲು ಜಾಗವಾದರೆ ಇವು ಬರಲು ಕೆಲವೇ ನಿಮಿಷ ಸಾಕು.

ಮೊಟ್ಟೆ ಇಡುವುದು ಕಣ್ಣು, ಮೂಗು, ಬಾಯಿ, ಕಿವಿಯಲ್ಲಿ. ಗಾಯ ಇದ್ದರೆ ಗಾಯದಲ್ಲಿ. ಮೊಟ್ಟೆ ಒಡೆದು ಬಂದ ಹುಳು ಎರಡು ಸಲ ಪೊರೆ ಬಿಡುತ್ತದೆ, ಅಂದರೆ ಮೂರು ಹಂತ. ಹೊಟ್ಟೆ ತುಂಬಿದ ಮೇಲೆ ತಿನ್ನುವುದು ಬಿಟ್ಟು ಒಣ ಜಾಗ ಹುಡುಕಿಕೊಂಡು ಹರಿದು ಹೋಗುತ್ತದೆ. ಅಲ್ಲಿ ಕೋಶ ಕಟ್ಟುತ್ತದೆ, ಕೋಶ ಒಡೆದು ನೊಣ ಬರುತ್ತದೆ. ಕ್ರೈಸೊಮಿಯಾ ಮೆಗಸೆಫಲಾಗೆ ಸುಮಾರು 27 ಡಿಗ್ರಿ ಬಿಸಿಯಲ್ಲಿ ಮೊಟ್ಟೆ ಒಡೆಯಲು ಒಂದು ದಿನವೂ ಬೇಡ. ಮೊಟ್ಟೆಯಿಂದ ನೊಣ ಆಗಲು ಹತ್ತು ದಿನದ ಆಸುಪಾಸು ಹಿಡಿಯುತ್ತದೆ.

ರೇಷ್ಮೆ ಸಾಕಿದವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ. ಮಳವಳ್ಳಿ, ಮದ್ದೂರು ಕಡೆ ಹೋಗಿ ಕೇಳಿ. ಹುಳು ಎಷ್ಟನೇ ಜ್ವರದಲ್ಲಿದೆ (ಪೊರೆ ಬಿಡುವುದಕ್ಕೆ ಅವರು ಜ್ವರ ಅನ್ನುತ್ತಾರೆ), ಯಾವಾಗ ಹಣ್ಣಾಗಿ ಗೂಡು ಕಟ್ಟುತ್ತದೆ ಅಂತ ಸಾಕುವ ಮನೆಯವರು ನೋಡಿಯೇ ಹೇಳುತ್ತಾರೆ. ಚಳಿ ಜಾಸ್ತಿಯಾದರೆ ಜ್ವರ ತಡವಾಗುತ್ತದೆ ಅಂತ ಮನೆಯೊಳಗೆ ಬಿಸಿ ಮಾಡುವ ವ್ಯವಸ್ಥೆ ಮಾಡುತ್ತಾರೆ. ನೊಣದ ಹುಳುವಿಗೂ ಅದೇ ನಿಯಮ. ಬಿಸಿ ಇದ್ದರೆ ಬೇಗ ಬೆಳೆಯುತ್ತದೆ, ತಂಪಿದ್ದರೆ ನಿಧಾನ, ತೀರಾ ತಂಪಾದರೆ ಬೆಳವಣಿಗೆ ನಿಂತೇಹೋಗುತ್ತದೆ. ಮೈಸೂರಿನಲ್ಲಿ ಏಪ್ರಿಲ್ ಹಗಲು 34–35 ಡಿಗ್ರಿ ಮುಟ್ಟುತ್ತದೆ, ಜನವರಿ ರಾತ್ರಿ 16–17ಕ್ಕೆ ಇಳಿಯುತ್ತದೆ. ಒಂದೇ ಗಾತ್ರದ ಹುಳುವಿಗೆ ಈ ಎರಡು ಕಾಲದಲ್ಲಿ ವಯಸ್ಸು ಬೇರೆ ಬೇರೆ.

ಹೆಣ ಮೊದಲು ಕಂಡವರು

ಇದು ಚಿಕ್ಕ ವಿಷಯ. 112ಕ್ಕೆ ಫೋನ್ ಮಾಡಿ, ದೂರ ನಿಲ್ಲಿ. ಬಟ್ಟೆ ಹೊದಿಸಬೇಡಿ. ಫಿನಾಯಿಲ್, ಡಿಡಿಟಿ, ಬ್ಲೀಚಿಂಗ್ ಪೌಡರ್ ಹಾಕಬೇಡಿ. ನಾತ ತಡೆಯಲಾಗದೆ ಮನೆಯ ಕಿಟಕಿ, ಬಾಗಿಲು ತೆರೆದಿದ್ದರೆ, ತೆರೆದ ಹೊತ್ತು ನೆನಪಿಟ್ಟುಕೊಂಡು ಪೊಲೀಸರಿಗೆ ಹೇಳಿ. ಫ್ಯಾನ್, ಏಸಿ ಓಡುತ್ತಿದ್ದುದನ್ನು ಆರಿಸಿದ್ದರೂ ಹೇಳಿ. ಮುಚ್ಚಿದ ಕೋಣೆಯೊಳಗಿನ ಬಿಸಿ ಒಂದು ಸಲ ಹೊರಗೆ ಹೋದರೆ ಅದನ್ನು ಮತ್ತೆ ಲೆಕ್ಕಕ್ಕೆ ತರುವುದು ಬಲು ಕಷ್ಟ.

ಸ್ಥಳಕ್ಕೆ ಹೋಗುವಾಗ ಏನೇನು ಬೇಕು

ದೊಡ್ಡ ಪಟ್ಟಿಯೇನೂ ಇಲ್ಲ. ಉದ್ದ ಕಡ್ಡಿಯ ಡಿಜಿಟಲ್ ಥರ್ಮಾಮೀಟರ್ ಒಂದು, ಸಾಧ್ಯವಾದರೆ ಎರಡು. ಬಿಸಿನೀರು ತುಂಬಿದ ಫ್ಲಾಸ್ಕ್. 70–80 ಶೇಕಡಾ ಎಥನಾಲ್. ಬಿಗಿ ಮುಚ್ಚಳದ ಸಣ್ಣ ಬಾಟಲಿಗಳು. ಮುಚ್ಚಳಕ್ಕೆ ತೂತು ಹಾಕಿ ತೆಳು ಬಟ್ಟೆ ಕಟ್ಟಿದ ಡಬ್ಬಿಗಳು, ಅದರಲ್ಲಿ ಹಾಕಲು ಮರದ ಹೊಟ್ಟು. ಒಂದಿಷ್ಟು ಲಿವರ್, ಕೋಳಿಯದಾದರೂ ಆಯಿತು. ಮೆತ್ತನೆ ಚಿಮುಟ, ಬ್ರಷ್, ಚಮಚ, ಸಣ್ಣ ಸಲಿಕೆ, ನೊಣ ಹಿಡಿಯುವ ಬಲೆ, ಗ್ಲೌಸ್, ಮಾಸ್ಕ್, ಅಳತೆಪಟ್ಟಿ, ಕ್ಯಾಮೆರಾ. ಪೆನ್ಸಿಲ್ ಮರೆಯಬೇಡಿ. ಪೆನ್ನಿನಲ್ಲಿ ಬರೆದ ಚೀಟಿ ಎಥನಾಲ್‌ನಲ್ಲಿ ಮುಳುಗಿದರೆ ಶಾಯಿ ಕರಗಿ ಖಾಲಿ ಕಾಗದವಾಗುತ್ತದೆ.

ಫಾರ್ಮಲಿನ್ ಬೇಡ. ಶವಾಗಾರದಲ್ಲಿ ಅದು ಕೈಗೆ ಸಿಗುತ್ತದೆ ಅಂತ ಹುಳುವನ್ನೂ ಅದರಲ್ಲೇ ಹಾಕಿಬಿಡುವುದುಂಟು. ಹುಳು ಗಟ್ಟಿಯಾಗುತ್ತದೆ, ಡಿಎನ್‌ಎ ಕೆಡುತ್ತದೆ.

ಮುಟ್ಟುವ ಮೊದಲು: ಫೋಟೊ, ಆಮೇಲೆ ಬಿಸಿ

ಮೊದಲು ಸುಮ್ನೆ ನಿಂತು ನೋಡಿ. ಹುಳುಗಳ ಗುಂಪು ಎಲ್ಲೆಲ್ಲಿದೆ? ಕಣ್ಣು, ಬಾಯಲ್ಲಿದ್ದರೆ ಅದು ಸಹಜ. ಅಂಗೈಯಲ್ಲೋ, ಮುಂಗೈಯಲ್ಲೋ ದೊಡ್ಡ ಗುಂಪು ಇದ್ದರೆ ಅಲ್ಲಿ ಗಾಯ ಇದ್ದಿರಬಹುದು, ತಡೆಯಲು ಕೈ ಒಡ್ಡಿರಬಹುದು. ಮೈ ಕೊಳೆತು ಗಾಯವೇ ಕಾಣದಿದ್ದಾಗಲೂ ಹುಳು ಇರುವ ಜಾಗ ನೋಡಿ ಪೋಸ್ಟ್‌ಮಾರ್ಟಂ ಮಾಡುವ ವೈದ್ಯರಿಗೆ ಇಲ್ಲಿ ನೋಡಿ ಅಂತ ಹೇಳಬಹುದು. ಅಳತೆಪಟ್ಟಿ ಇಟ್ಟು ಹತ್ತಿರದ ಫೋಟೊ ತೆಗೆಯಿರಿ. ಬಿಸಿಲು ಬಿದ್ದಿದೆಯೋ, ನೆರಳೋ, ಮರದ ನೆರಳು ಎಷ್ಟು ಹೊತ್ತಿಗೆ ಸರಿಯುತ್ತದೆ ಅನ್ನುವುದನ್ನೂ ಬರೆಯಿರಿ.

ಆಮೇಲೆ ಬಿಸಿ ಅಳೆಯುವುದು. ಹೆಣದ ಹತ್ತಿರ ನೆಲದಿಂದ ಸುಮಾರು ಒಂದು ಮೀಟರ್ ಎತ್ತರದಲ್ಲಿ, ಥರ್ಮಾಮೀಟರಿಗೆ ಬಿಸಿಲು ಬೀಳದಂತೆ ಹಿಡಿದು ಗಾಳಿಯ ಬಿಸಿ ಬರೆದುಕೊಳ್ಳಿ. ಮೈ ಮೇಲ್ಭಾಗ, ಮೈಗೂ ನೆಲಕ್ಕೂ ನಡುವೆ, ಹೆಣದ ಕೆಳಗಿನ ಮಣ್ಣು, ಸ್ವಲ್ಪ ದೂರದ ಮಣ್ಣು, ಇವೂ ಬೇಕು. ಕೊನೆಗೆ ಹುಳುಗಳ ಗುಂಪಿನ ನಡುವೆ ಕಡ್ಡಿ ಇಳಿಸಿ ನೋಡಿ. ಹೊಸಬರಿಗೆ ಇಲ್ಲಿ ಆಶ್ಚರ್ಯ ಕಾದಿರುತ್ತದೆ. ಸಾವಿರಾರು ಹುಳು ಒಟ್ಟಿಗೆ ತಿನ್ನುವಾಗ ಗುಂಪಿನೊಳಗೆ ಹೊರಗಿನ ಗಾಳಿಗಿಂತ ಹತ್ತು ಡಿಗ್ರಿಗೂ ಮೇಲೆ ಬಿಸಿ ಏರಬಹುದು. ಇದನ್ನು ಬರೆಯದೆ ಬರೀ ಗಾಳಿಯ ಬಿಸಿಯಲ್ಲಿ ಲೆಕ್ಕ ಹಾಕಿದರೆ ಹುಳುವಿನ ವಯಸ್ಸನ್ನು ಇರುವುದಕ್ಕಿಂತ ಜಾಸ್ತಿ ಹೇಳಿಬಿಡುತ್ತೀರಿ. ಪ್ರತಿ ಅಂಕಿಯ ಪಕ್ಕದಲ್ಲಿ ಗಂಟೆ, ನಿಮಿಷ ಇರಲಿ.

ಹೆಣ ಎತ್ತಿದ ಮೇಲೂ ಕೆಲಸ ಇದೆ, ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಅದೇ ಜಾಗದಲ್ಲಿ ಒಂದು ಡೇಟಾ ಲಾಗರ್ (ತಾನಾಗಿಯೇ ಬಿಸಿ ಅಳೆದು ದಾಖಲಿಸುವ ಸಣ್ಣ ಯಂತ್ರ) ಇಟ್ಟು ಐದರಿಂದ ಹತ್ತು ದಿನ ಗಂಟೆಗೊಮ್ಮೆ ಬಿಸಿ ದಾಖಲಾಗುವಂತೆ ಮಾಡಿ. ಯಾಕೆ? ಕಳೆದ ವಾರದ ಬಿಸಿ ನಮಗೆ ಸಿಗುವುದು ಹವಾಮಾನ ಕೇಂದ್ರದಿಂದ. ಕರ್ನಾಟಕದಲ್ಲಿ ಒಂದು ಅನುಕೂಲ ಇದೆ: ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹವಾಮಾನ ಯಂತ್ರಗಳು ಹೋಬಳಿ ಮಟ್ಟದಲ್ಲೇ ಇವೆ. ಆದರೆ ಆ ಯಂತ್ರ ಇರುವುದು ಬಯಲಲ್ಲಿ, ಹೆಣ ಇದ್ದದ್ದು ಆಳೆತ್ತರದ ಕಬ್ಬಿನ ನಡುವೆ. ಒಳಗೆ ಗಾಳಿ ಆಡುವುದಿಲ್ಲ, ಬಿಸಿಲು ಬೀಳುವುದಿಲ್ಲ, ನೀರು ಕಟ್ಟಿದ ಗದ್ದೆಯಾದರೆ ತೇವ ಬೇರೆ. ಲಾಗರ್ ಅಂಕಿಯನ್ನೂ ಅದೇ ದಿನಗಳ ಯಂತ್ರದ ಅಂಕಿಯನ್ನೂ ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಗೊತ್ತಾಗುತ್ತದೆ. ಆ ವ್ಯತ್ಯಾಸದಿಂದ ಹಿಂದಿನ ವಾರದ ಅಂಕಿಯನ್ನು ಸರಿಮಾಡಿಕೊಳ್ಳಬಹುದು. ಗದ್ದೆಯ ಯಜಮಾನರು ಅಷ್ಟರೊಳಗೆ ಕಬ್ಬು ಕಡಿಯದಂತೆ ಕೇಳಿಕೊಳ್ಳಿ. ಕಡಿದರೆ ಲಾಗರ್ ಇಟ್ಟೂ ಪ್ರಯೋಜನ ಇಲ್ಲ.

ಹುಳು ಎತ್ತುವುದು

ಎಲ್ಲಕ್ಕಿಂತ ದೊಡ್ಡ ಹುಳು ಬೇಕು. ಅದೇ ಮೊದಲು ಬಂದದ್ದು, ಅದರ ವಯಸ್ಸೇ ಲೆಕ್ಕಕ್ಕೆ ಆಧಾರ. ಹಾಗಂತ ದೊಡ್ಡದನ್ನು ಮಾತ್ರ ಎತ್ತಿದರೆ ಸಾಲದು. ಬೇರೆ ಜಾತಿಯ ಹುಳು ಚಿಕ್ಕದಾಗಿದ್ದೂ ವಯಸ್ಸಿನಲ್ಲಿ ಹಿರಿದಾಗಿರಬಹುದು. ಹಾಗಾಗಿ ತಲೆ, ಹೊಟ್ಟೆ, ಗಾಯ ಹೀಗೆ ಒಂದೊಂದು ಜಾಗದಿಂದ 50–100 ಹುಳು, ಎಲ್ಲ ಗಾತ್ರದವು, ಬೇರೆ ಬೇರೆ ಬಾಟಲಿಗೆ ಹಾಕಿ. ಮೊಟ್ಟೆ ಕಂಡರೆ ಅದನ್ನೂ ಬ್ರಷ್‌ನಲ್ಲಿ ತೆಗೆಯಿರಿ.

ಎತ್ತಿದ್ದರಲ್ಲಿ ಅರ್ಧ ಭಾಗವನ್ನು 80 ಡಿಗ್ರಿಗೂ ಮೇಲಿನ ಬಿಸಿನೀರಿನಲ್ಲಿ ಅರ್ಧ ನಿಮಿಷ ಮುಳುಗಿಸಿ, ಆಮೇಲೆ ಎಥನಾಲ್‌ಗೆ ಹಾಕಿ. ಜೀವಂತ ಹುಳುವನ್ನು ನೇರವಾಗಿ ಎಥನಾಲ್‌ಗೆ ಹಾಕಿದರೆ ಅದು ಕಪ್ಪಾಗಿ ಕುಗ್ಗುತ್ತದೆ. ಉದ್ದ ಅಳೆದೇ ವಯಸ್ಸು ಹೇಳಬೇಕಾದಾಗ ಕುಗ್ಗಿದ ಹುಳುವಿನಿಂದ ಏನು ಪ್ರಯೋಜನ?

ಉಳಿದರ್ಧ ಜೀವಂತ ಇರಲಿ. ಹೊಟ್ಟು ಹಾಕಿದ ಡಬ್ಬಿಯಲ್ಲಿ ಲಿವರ್ ತುಂಡಿನ ಜೊತೆ ಇಟ್ಟು ಅದೇ ದಿನ ಪ್ರಯೋಗಾಲಯಕ್ಕೆ ಕಳಿಸಿ. ಜೀಪಿನ ಹಿಂದೆ ಬಿಸಿಲಲ್ಲಿ ಇಡಬೇಡಿ, ತಂಪು ಪೆಟ್ಟಿಗೆಯಲ್ಲಿ ಒಯ್ಯಿರಿ. ಐಸ್ ಹುಳುವಿಗೆ ನೇರ ತಾಗದಿರಲಿ. ಅವು ನೊಣವಾಗಿ ಹೊರಬಂದರೆ ಜಾತಿ ಗುರುತಿಸುವುದು ಬಹಳ ಸುಲಭ. ಎಥನಾಲ್‌ನಲ್ಲಿದ್ದದ್ದಕ್ಕೆ ಡಿಎನ್‌ಎ ಪರೀಕ್ಷೆ ಮಾಡಬಹುದು. ಹುಳುವಿನ ಹಿಂಭಾಗದಲ್ಲಿ ಉಸಿರಾಡುವ ಸೀಳುಗಳಿರುತ್ತವೆ, ಮೈಕ್ರೋಸ್ಕೋಪಿನಲ್ಲಿ ಎರಡು ಕಂಡರೆ ಎರಡನೇ ಹಂತ, ಮೂರು ಕಂಡರೆ ಮೂರನೇ ಹಂತ.

ಇನ್ನು ಕೋಶ. ಹೆಣದ ಮೇಲೆ ಹುಳು ಕಂಡಿತಲ್ಲ ಅಂತ ಅಲ್ಲಿಗೇ ನಿಲ್ಲಿಸಿದರೆ ಅತಿ ಹಳೆಯ ಸಾಕ್ಷಿಯನ್ನು ಬಿಟ್ಟುಬಂದಂತೆ. ತಿಂದು ಮುಗಿಸಿದ ಹುಳು ಹಲವು ಮೀಟರ್ ದೂರ ಹೋಗಿ ಮಣ್ಣಿನಡಿ ಸೇರಿರುತ್ತದೆ. ಮನೆಯೊಳಗಾದರೆ ಚಾಪೆ, ಹಾಸಿಗೆ, ಬೀರುವಿನ ಕೆಳಗೆ, ಗೋಡೆಯ ಅಂಚಿನಲ್ಲಿ. ಬಟ್ಟೆಯ ಮಡಿಕೆ, ಜೇಬಿನಲ್ಲೂ ಇರುತ್ತದೆ. ಕೋಶ ಕಂದು ಬಣ್ಣದ, ಗಟ್ಟಿ ಸಿಪ್ಪೆಯ ಸಣ್ಣ ಕಾಳು. ಮನೆಯೊಳಗೆ ಇಲಿ ಹಿಕ್ಕೆ ಅಂದುಕೊಂಡು ಗುಡಿಸಿಬಿಡುವುದು ಇದನ್ನೇ. ಹೊಸ ಕೋಶ ಬೆಳ್ಳಗಿದ್ದು ಗಂಟೆಗಳು ಕಳೆದಂತೆ ಕಪ್ಪಾಗುತ್ತದೆ. ಒಂದು ತುದಿ ತೆರೆದ ಖಾಲಿ ಸಿಪ್ಪೆ ಸಿಕ್ಕಿದರೆ ಒಂದು ತಲೆಮಾರು ನೊಣ ಆಗಲೇ ಹಾರಿಹೋಗಿದೆ ಅಂತ ಅರ್ಥ. ಹೆಣದ ಕೆಳಗಿನ ಮತ್ತು ಸುತ್ತಲಿನ ಮಣ್ಣನ್ನು ಐದರಿಂದ ಹತ್ತು ಸೆಂ.ಮೀ. ಆಳದವರೆಗೆ ತೆಗೆದು ಜರಡಿ ಹಿಡಿಯಿರಿ. ಒಣಗಿದ ಹೆಣವಾದರೆ ಚರ್ಮ ತಿನ್ನುವ ಡರ್ಮೆಸ್ಟಿಡ್ ಜೀರುಂಡೆ, ಅವುಗಳ ಮರಿಹುಳು ಬಿಟ್ಟ ಕೂದಲಿರುವ ಪೊರೆ ನೋಡಿ.

ಚೀಟಿ ಎರಡು ಬರೆಯಿರಿ, ಒಂದು ಬಾಟಲಿಯ ಒಳಗೆ, ಒಂದು ಹೊರಗೆ. ಅಪರಾಧ ಸಂಖ್ಯೆ ಅಥವಾ ಯುಡಿಆರ್ (ಅಸಹಜ ಸಾವಿನ ವರದಿ) ಸಂಖ್ಯೆ, ಜಾಗ, ತಾರೀಖು, ಗಂಟೆ, ಮೈಯ ಯಾವ ಭಾಗ, ಎತ್ತಿದವರ ಹೆಸರು. ಇದನ್ನು ಸ್ಥಳ ಮಹಜರಿನಲ್ಲೇ ಸೇರಿಸಿ, ಪಂಚರ ಮುಂದೆ ಮೊಹರು ಮಾಡಿ. ಪಂಚರಾದವರೂ ಅಸಹ್ಯಪಟ್ಟು ದೂರ ನಿಂತು ಸಹಿ ಹಾಕಬೇಡಿ. ಎಷ್ಟು ಬಾಟಲಿ, ಯಾವ ಜಾಗದಿಂದ ಅನ್ನುವುದನ್ನಾದರೂ ನೋಡಿಕೊಳ್ಳಿ. ನಾಳೆ ಕೋರ್ಟಿನಲ್ಲಿ ಕೇಳುತ್ತಾರೆ.

ಶವಾಗಾರದಲ್ಲಿ

ಹೆಣ ಫ್ರೀಜರಿಗೆ ಹೋದ ಹೊತ್ತು, ಹೊರಗೆ ತೆಗೆದ ಹೊತ್ತು, ಫ್ರೀಜರಿನ ಡಿಗ್ರಿ ಇವಿಷ್ಟನ್ನು ರಿಜಿಸ್ಟರಿನಲ್ಲಿ ಬರೆಯಿರಿ. ತಂಪಿಗೆ ಹುಳು ತಕ್ಷಣ ನಿಲ್ಲುವುದಿಲ್ಲ. ದೊಡ್ಡ ಗುಂಪು ತನ್ನದೇ ಬಿಸಿಯಲ್ಲಿ ಸ್ವಲ್ಪ ಹೊತ್ತು ತಿನ್ನುತ್ತಲೇ ಇರುತ್ತದೆ. ಬಟ್ಟೆ ಬಿಚ್ಚುವಾಗ, ಬಾಡಿ ಬ್ಯಾಗ್ ಕೊಡವುವಾಗ ಉದುರಿದ್ದನ್ನೂ ಎತ್ತಿಡಿ. ಮೈ ತೊಳೆಯುವುದು ಇದೆಲ್ಲ ಆದ ಮೇಲೆ.

ಇನ್ನೊಂದು ಮಾತು. ಇರುವೆ, ಜಿರಳೆ ಕಚ್ಚಿದ ಗುರುತುಗಳು ಸತ್ತ ಮೈ ಮೇಲೆ ತರಚಿದ ಗಾಯದ ಹಾಗೆ, ಕೆಲವೊಮ್ಮೆ ಆಸಿಡ್ ಸುಟ್ಟ ಹಾಗೆ ಕಾಣುತ್ತವೆ. ರಕ್ತ ತಿಂದ ನೊಣ ಗೋಡೆಯ ಮೇಲೆ ಬಿಟ್ಟ ಚುಕ್ಕೆಗಳು ರಕ್ತ ಚಿಮ್ಮಿದ ಕಲೆಯಂತೆ ಕಾಣುತ್ತವೆ. ಇಲ್ಲದ ಹಲ್ಲೆಯನ್ನು ಇದೆ ಅಂತ ಬರೆಯುವ ಮೊದಲು ಇದನ್ನು ನೆನಪಿಸಿಕೊಳ್ಳಿ.

ಲೆಕ್ಕ ಹಾಕುವುದು ಹೀಗೆ

ಇಲ್ಲಿ ಕೊಡುವ ಅಂಕಿಗಳು ರೀತಿ ತೋರಿಸಲು ಮಾತ್ರ. ನಿಜವಾದ ಪ್ರಕರಣಕ್ಕೆ ಆಯಾ ಜಾತಿಯ ಪ್ರಕಟಿತ ಅಂಕಿಗಳನ್ನೇ ಬಳಸಬೇಕು.

ಒಂದು ಜಾತಿಯ ಹುಳು 10 ಡಿಗ್ರಿಗಿಂತ ಕೆಳಗೆ ಬೆಳೆಯುವುದಿಲ್ಲ ಅಂದುಕೊಳ್ಳೋಣ. ಪ್ರಯೋಗಾಲಯದಲ್ಲಿ 27 ಡಿಗ್ರಿಯಲ್ಲಿ ಸಾಕಿದಾಗ ನಿಮ್ಮ ಕೈಯಲ್ಲಿರುವ ಹುಳುವಿನ ಹಂತಕ್ಕೆ ಬರಲು 72 ಗಂಟೆ ಬೇಕಾಯಿತು. ಬೆಳೆಯಲು ಉಪಯೋಗವಾದ ಬಿಸಿ ಗಂಟೆಗೆ 27 ಕಳೆ 10, ಅಂದರೆ 17. ಅದನ್ನು 72ರಿಂದ ಗುಣಿಸಿದರೆ 1,224. ಆ ಹಂತ ಮುಟ್ಟಲು ಹುಳುವಿಗೆ ಬೇಕಾದ ಒಟ್ಟು ಬಿಸಿ ಇದು, ಇದಕ್ಕೆ ಡಿಗ್ರಿ-ಗಂಟೆ ಅನ್ನುತ್ತಾರೆ.

ಈಗ ಸ್ಥಳದ ಸರಾಸರಿ 22 ಡಿಗ್ರಿ ಇತ್ತು ಅನ್ನಿ. ಗಂಟೆಗೆ ಸಿಕ್ಕಿದ್ದು 12. 1,224ನ್ನು 12ರಿಂದ ಭಾಗಿಸಿದರೆ 102 ಗಂಟೆ, ನಾಲ್ಕು ದಿನದ ಮೇಲೆ. ಸ್ಥಳದಲ್ಲಿ 30 ಡಿಗ್ರಿ ಇದ್ದಿದ್ದರೆ? ಗಂಟೆಗೆ 20, ಸುಮಾರು 61 ಗಂಟೆ, ಎರಡೂವರೆ ದಿನ. ಅದೇ ಹುಳು, ಅದೇ ಉದ್ದ, ಉತ್ತರದಲ್ಲಿ ಒಂದೂಮುಕ್ಕಾಲು ದಿನದಷ್ಟು ವ್ಯತ್ಯಾಸ. ಆರೋಪಿ ಆ ಒಂದೂಮುಕ್ಕಾಲು ದಿನ ಬೆಂಗಳೂರಿನಲ್ಲಿದ್ದೆ ಅನ್ನುತ್ತಿದ್ದರೆ ಇಡೀ ಕೇಸು ಈ ಅಂಕಿಯ ಮೇಲೆ ನಿಲ್ಲುತ್ತದೆ. ನಿಜವಾಗಿ ಮಾಡುವಾಗ ಸರಾಸರಿ ಹಿಡಿಯದೆ ಗಂಟೆ ಗಂಟೆಯ ಬಿಸಿಯನ್ನು ಹಿಂದಕ್ಕೆ ಕೂಡುತ್ತಾ ಹೋಗುತ್ತಾರೆ, 1,224 ತುಂಬಿದ ಜಾಗದಲ್ಲಿ ನಿಲ್ಲುತ್ತಾರೆ.

ಬಂದ ಉತ್ತರ ಸಾವಿನ ಹೊತ್ತಲ್ಲ, ನೊಣ ಮೊಟ್ಟೆ ಇಟ್ಟ ಹೊತ್ತು. ಸಾವು ಅದಕ್ಕಿಂತ ಹಿಂದೆ. ಎಷ್ಟು ಹಿಂದೆ ಅನ್ನುವುದಕ್ಕೆ ಹುಳು ಉತ್ತರ ಕೊಡುವುದಿಲ್ಲ, ಸ್ಥಳ ಕೊಡುತ್ತದೆ. ರಾತ್ರಿ ಹೊತ್ತು ಈ ನೊಣಗಳು ಮೊಟ್ಟೆ ಇಡುವುದು ಅಪರೂಪ. ಜೋರು ಮಳೆಯಲ್ಲಿ ಹಾರುವುದಿಲ್ಲ. ಪ್ಲಾಸ್ಟಿಕ್‌ನಲ್ಲಿ ಸುತ್ತಿದ್ದರೆ, ಬಾಗಿಲು ಹಾಕಿದ ಮನೆಯಾದರೆ ತಡವಾಗುತ್ತದೆ. ಬೆಳೆಗೆ ಹೊಡೆಯುವ ಕೀಟನಾಶಕ ಕುಡಿದು ಸತ್ತವರ ಮೈಯಲ್ಲೂ ಮೊಟ್ಟೆ ಇಡುವುದು, ಹುಳು ಬೆಳೆಯುವುದು ತಡವಾಗಬಹುದು. ಆಗ ಹುಳುವನ್ನೇ ಅರೆದು ವಿಷದ ಪರೀಕ್ಷೆ ಮಾಡಬಹುದು, ಒಳಾಂಗ ಉಳಿಯದಿದ್ದಾಗ ಅದೂ ಒಂದು ದಾರಿ.

ವಿಸಿ (ವಿಶ್ವೇಶ್ವರಯ್ಯ) ನಾಲೆಯಲ್ಲಿ ಸಿಕ್ಕ ಹೆಣಕ್ಕೆ ಲೆಕ್ಕವೇ ಬೇರೆ. ನೀರಿನಡಿ ಇದ್ದಷ್ಟು ದಿನ ಈ ನೊಣಕ್ಕೆ ಅದು ಸಿಗುವುದಿಲ್ಲ. ಊದಿ ಮೇಲೆ ತೇಲಿ, ಮೈಯ ಒಂದು ಭಾಗ ಗಾಳಿಗೆ ತೆರೆದುಕೊಂಡ ಮೇಲೆ ಮೊಟ್ಟೆ. ಆದ್ದರಿಂದ ಹುಳು ಹೇಳುವುದು ತೇಲಿದ ನಂತರದ ಕಾಲವನ್ನು ಮಾತ್ರ. ನೀರಿನ ಬಿಸಿಯನ್ನೂ ಅಳೆಯಿರಿ.

ಕ್ರೈಸೊಮಿಯಾ ರುಫಿಫೇಸೀಸ್ ಹುಳುವಿನ ಬಗ್ಗೆ ಎಚ್ಚರ ಇರಲಿ. ಮೈಯೆಲ್ಲ ಮುಳ್ಳಿನಂಥ ಗುಬುಟು ಇರುವ ಈ ಹುಳು ಬೇರೆ ನೊಣಗಳ ಹುಳುವನ್ನೇ ತಿನ್ನುತ್ತದೆ. ಮೊದಲು ಬಂದವರನ್ನು ಅದು ತಿಂದು ಮುಗಿಸಿದ್ದರೆ ಉಳಿದದ್ದನ್ನು ನೋಡಿ ನೀವು ಹೊತ್ತನ್ನು ಕಡಿಮೆ ಹೇಳಿಬಿಡಬಹುದು. ಇದಕ್ಕೆ ವಿರುದ್ಧವಾದದ್ದೂ ಆಗುತ್ತದೆ. ಹಾಸಿಗೆ ಹಿಡಿದ ವೃದ್ಧರ ಹುಣ್ಣಿನಲ್ಲಿ ಬದುಕಿದ್ದಾಗಲೇ ಹುಳು ಬಿದ್ದಿದ್ದರೆ, ಹುಳುವಿನ ವಯಸ್ಸು ಸಾವಿಗಿಂತ ಹಳೆಯದು. ಅಲ್ಲಿ ಅದು ಸಾವಿನ ಹೊತ್ತಿಗಲ್ಲ, ಆರೈಕೆ ಮಾಡದೆ ಎಷ್ಟು ದಿನ ಬಿಟ್ಟಿದ್ದರು ಅನ್ನುವುದಕ್ಕೆ ಸಾಕ್ಷಿ.

ಹುಳು ಇಲ್ಲದಿದ್ದರೂ ಬರೆಯಿರಿ

ಮೊಟ್ಟೆ, ಹುಳು ಏನೂ ಕಾಣಲಿಲ್ಲ ಅಂದರೆ ಮಹಜರಿನಲ್ಲಿ ಹಾಗೆಂದೇ ಬರೆಯಿರಿ, ಹತ್ತಿರದ ಫೋಟೊ ತೆಗೆಯಿರಿ. ಅಮೆರಿಕದ ಲಾಸ್ ವೇಗಸ್‌ನಲ್ಲಿ 2001ರ ಜುಲೈನಲ್ಲಿ ಒಂದು ಕೊಲೆಯಾಯಿತು. ಹೆಣ ಸಿಕ್ಕಿದ್ದು ರಾತ್ರಿ, ಗಾಯಗಳು ತೆರೆದೇ ಇದ್ದವು. ಒಬ್ಬ ಯುವತಿಗೆ ಶಿಕ್ಷೆಯಾಯಿತು. ವರ್ಷಗಳ ನಂತರ ಕೀಟತಜ್ಞರು ಫೋಟೊಗಳನ್ನು ನೋಡಿ ಒಂದೂ ನೊಣದ ಮೊಟ್ಟೆ ಇಲ್ಲವಲ್ಲ ಅಂದರು. ಆ ಬೇಸಿಗೆಯ ಹಗಲಲ್ಲಿ ಸತ್ತಿದ್ದರೆ ಮೊಟ್ಟೆ ಇರಲೇಬೇಕಿತ್ತು. ಹಾಗಾದರೆ ಸಾವು ಕತ್ತಲಾಗುವ ಹೊತ್ತಿಗೆ ಅಥವಾ ಆಮೇಲೆ. ಆ ಹೊತ್ತಿಗೆ ಆಕೆ ಬಹುದೂರದ ಊರಿನಲ್ಲಿದ್ದಳು. 2017ರಲ್ಲಿ ಶಿಕ್ಷೆ ರದ್ದಾಯಿತು. ಅವತ್ತು ಯಾರೋ ಫೋಟೊಗಳನ್ನು ಸರಿಯಾಗಿ ತೆಗೆದಿಟ್ಟಿದ್ದರಿಂದ ಇದು ಸಾಧ್ಯವಾಯಿತು, ಅಲ್ವಾ?

ಕಾನೂನು, ಕೋರ್ಟು

ಸಂಶಯದ ಸಾವಿನ ವಿಚಾರಣೆ ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಡಿ, ಹಳೆಯ ಸಿಆರ್‌ಪಿಸಿಯ 174. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧದಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಬರಬೇಕು ಅನ್ನುವುದು ಹೊಸ ಸಂಹಿತೆಯ 176(3)ರಲ್ಲಿದೆ. ತಜ್ಞರ ಅಭಿಪ್ರಾಯ ಕೋರ್ಟಿನಲ್ಲಿ ನಿಲ್ಲುವುದು ಭಾರತೀಯ ಸಾಕ್ಷ್ಯ ಅಧಿನಿಯಮದ 39ರಿಂದ.

ಮಾದರಿಗಳನ್ನು ತನಿಖಾಧಿಕಾರಿ ಪತ್ರ ಕೊಟ್ಟು ಮೈಸೂರಿನ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳಿಸಬಹುದು. ಹುಳು ನೋಡುವವರು ಇದ್ದಾರಾ ಅಂತ ಮೊದಲೇ ಫೋನ್ ಮಾಡಿ ಕೇಳಿ. ನೊಣ ಗುರುತಿಸಲು ಸಹಾಯ ಬೇಕಾದರೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯ ಪ್ರಾಣಿಶಾಸ್ತ್ರ ವಿಭಾಗ, ಮಂಡ್ಯ ವಿ.ಸಿ. ಫಾರಂನ ಕೃಷಿ ಕಾಲೇಜು ಹತ್ತಿರದಲ್ಲೇ ಇವೆ.

ವರದಿಯಲ್ಲಿ 'ಇಂಥ ದಿನ ಇಷ್ಟು ಗಂಟೆಗೆ ಸತ್ತರು' ಅಂತ ಬರೆಯಬೇಡಿ. 'ಕನಿಷ್ಠ ಇಷ್ಟು ಗಂಟೆಯಿಂದ ಹುಳು ಮೈ ಮೇಲಿತ್ತು' ಅಂತ ಬರೆಯಿರಿ. ಯಾವ ಬಿಸಿ ಹಿಡಿದಿರಿ, ಯಾವ ಅಂಕಿ ಬಳಸಿದಿರಿ, ಎಷ್ಟು ಹೆಚ್ಚುಕಮ್ಮಿ ಇರಬಹುದು, ಎಲ್ಲ ಇರಲಿ. ಪ್ರತಿವಾದಿ ವಕೀಲರು ಹುಳುವಿನ ಬಗ್ಗೆ ಹೆಚ್ಚು ಕೇಳಲಿಕ್ಕಿಲ್ಲ, ಥರ್ಮಾಮೀಟರ್ ಸರಿಯಿತ್ತಾ ಅಂತ ಖಂಡಿತ ಕೇಳುತ್ತಾರೆ.

ಮನೆಯಲ್ಲೇ ಕೈ ಪಳಗಿಸಿಕೊಳ್ಳಿ

ವಿದ್ಯಾರ್ಥಿಗಳಿಗೆ ಹೆಣ ಸಿಗುವವರೆಗೆ ಕಾಯುವ ಅಗತ್ಯ ಇಲ್ಲ. ಕಾಲು ಕೆ.ಜಿ. ಕೋಳಿ ಲಿವರ್ ತಂದು, ಹೊಟ್ಟು ಹಾಕಿದ ಟಬ್ಬಿನಲ್ಲಿಟ್ಟು ತಾರಸಿಯ ನೆರಳಲ್ಲಿಡಿ. ಪಕ್ಕದಲ್ಲಿ ಥರ್ಮಾಮೀಟರ್. ಮೊದಲ ನೊಣ ಬಂದ ಹೊತ್ತು, ಮೊಟ್ಟೆ ಕಂಡ ಹೊತ್ತು ಬರೆಯಿರಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿ ನೋಡಿ, ದಿನಕ್ಕೆರಡು ಸಲ ನಾಲ್ಕೈದು ಹುಳು ತೆಗೆದು ಬಿಸಿನೀರಿಗೆ ಹಾಕಿ ಉದ್ದ ಅಳೆಯಿರಿ. ಅದನ್ನೇ ಏಪ್ರಿಲ್‌ನಲ್ಲಿ ಒಂದು ಸಲ, ಡಿಸೆಂಬರ್‌ನಲ್ಲಿ ಒಂದು ಸಲ ಮಾಡಿ ಪಕ್ಕಪಕ್ಕ ಇಟ್ಟು ನೋಡಿ. ಗ್ಲೌಸ್ ಹಾಕಿಕೊಳ್ಳಿ. ಬೆಕ್ಕು, ಕಾಗೆ ಎತ್ತಿಕೊಂಡು ಹೋಗದಂತೆ ಮೇಲೆ ನೊಣ ನುಸುಳುವಷ್ಟು ಕಣ್ಣಿನ ತಂತಿ ಬಲೆ ಕಟ್ಟಿ. ಹುಳು ಹರಿಯಲು ಶುರುಮಾಡುವ ಮೊದಲೇ ಟಬ್ಬಿನ ಬಾಯಿಗೆ ತೆಳು ಬಟ್ಟೆ ಬಿಗಿಯಿರಿ, ಇಲ್ಲವಾದರೆ ರಾತ್ರಿ ಎಲ್ಲ ಮೆಟ್ಟಿಲಿಳಿದು ಬರುತ್ತವೆ. ಪಕ್ಕದ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ, ಮೂರನೇ ದಿನದಿಂದ ನಾತ ಜೋರಾಗಿಯೇ ಇರುತ್ತದೆ.